ಸ್ವೆಟರ್ ತೊಟ್ಟ ಕುದುರೆ ಮರಿ

ಹೋದ ಭಾನುವಾರ ನಮ್ಮ ಮನೆಗೆ ಗಿಣ್ಣು ಹಾಲು ಬಂದಿತ್ತು. ದಿನಾ ಹಾಲು ಹಾಕುವವರ ಹಸು ಕರು ಹಾಕಿತ್ತಂತೆ. ಕರು ಹೊಟ್ಟೆತುಂಬ ಕುಡಿದ ಮೇಲೆ ಮಿಕ್ಕಿದ್ದೆಂದು ಅರ್ಧ ಲೀಟರು ಕೊಟ್ಟು ಹೋದರು. ನನ್ನಾಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದಳು. ಆರನೇ ಕ್ಲಾಸಿನ ಮೊಮ್ಮಗಳು ಎರಡು ಬಟ್ಟಲು ಖಾಲಿ ಮಾಡಿ, ಮೂರನೆಯದಕ್ಕೆ ಕೈ ಚಾಚುತ್ತಾ ಕೇಳಿದಳು: "ತಾತಾ, ಕುದುರೆಗೂ ಗಿಣ್ಣು ಇರುತ್ತಾ?"

"ಇರುತ್ತಮ್ಮ" ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನನಗೆ 1986ನೇ ಇಸವಿಯ ಡಿಸೆಂಬರಿನ ಕೊನೆಯ ವಾರ ನೆನಪಾಗಿಬಿಟ್ಟಿತು. ಹೇಳುತ್ತಾ ಕೂತೆ, ಸಾರು ಆರಿ ತಣ್ಣಗಾಯಿತು. ಅವಳಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ, ಮಕ್ಕಳೇ.

ಆಗ ನಾನು ಚಿಂತಾಮಣಿಯಲ್ಲಿ ಒಂದು ಬ್ಯಾಂಕಿನ ಗುಮಾಸ್ತ. ಬಸ್ ಸ್ಟ್ಯಾಂಡಿನ ಹೊರಗೆ ಜಟಕಾ ಗಾಡಿಗಳು ಸಾಲಾಗಿ ನಿಂತಿರುತ್ತಿದ್ದವು. ಜಟಕಾ ಗೊತ್ತಲ್ಲ? ಎರಡು ಚಕ್ರ, ಮೇಲೆ ಕಮಾನು, ಒಳಗೆ ಹುಲ್ಲಿನ ಮೆತ್ತೆ, ಮುಂದೆ ಒಂದು ಕುದುರೆ. ನಾನು ಯಾವಾಗಲೂ ಹತ್ತುತ್ತಿದ್ದದ್ದು ಒಬ್ಬರೇ ಸಾಬರ ಗಾಡಿ. ಅವರ ಹೆಣ್ಣು ಕುದುರೆ ರಾಣಿಯನ್ನು ಕೊಂಡದ್ದು ನಮ್ಮ ಬ್ಯಾಂಕಿನ ಸಾಲದಲ್ಲಿ. ಬಡವರಿಗೆಂದು ಶೇಕಡಾ 4ರ ಬಡ್ಡಿಯ ಸಾಲ ಇತ್ತು ಆಗ. ಆ ಲೆಡ್ಜರಿನ ಪುಟ ಬರೆದವನೂ ನಾನೇ. ಸಾಬರು ಕಂತಿನ ದುಡ್ಡನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ತರುತ್ತಿದ್ದರು. ಬಹುಪಾಲು ಚಿಲ್ಲರೆ. ಎಣಿಸುವವನ ಕಷ್ಟ ಎಣಿಸುವವನಿಗೇ ಗೊತ್ತು!

ರಾಣಿ ಗಬ್ಬವಾಗಿತ್ತು. ಅದು ಅವಳ ಮೊದಲ ಬಸಿರು. ಕುದುರೆಗೆ ಹನ್ನೊಂದು ತಿಂಗಳು ತುಂಬಬೇಕು. ಕೊನೆಯ ತಿಂಗಳುಗಳಲ್ಲಿ ಸಾಬರು ಅವಳನ್ನು ಗಾಡಿಗೆ ಕಟ್ಟಲಿಲ್ಲ. ಬಾಡಿಗೆ ಕುದುರೆ ತಂದು ದುಡಿದರು. ಕ್ರಿಸ್ಮಸ್ ರಜೆಯ ಆಸುಪಾಸಿನಲ್ಲಿ ನಾನು ಅವರ ಮನೆ ಮುಂದೆ ಹೋಗುವಾಗ ರಾಣಿಯ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕಿ ಹಿಂಗಾಲಿನ ಮೇಲೆ ಬಿಳಿಗೆರೆ ಬಿದ್ದಿದ್ದನ್ನು ಕಂಡೆ. "ಏನ್ ಸಾಬರೇ, ಮರಿ ಹುಟ್ಟೋಕ್ ಮುಂಚೇನೇ ಹಾಲು ಧಾರಾಳ!" ಎಂದೆ. ಅವರೂ ಖುಷಿಯಿಂದ ನಕ್ಕರು. ನಾಲ್ಕು ದಿನ ಹಾಗೆಯೇ ಸೋರಿತು. ನಾವಿಬ್ಬರೂ ನಕ್ಕದ್ದು ಯಾವುದಕ್ಕೆ ಎಂಬುದು ಆಮೇಲೆ ಗೊತ್ತಾಯಿತು.

28ನೇ ತಾರೀಕು ಭಾನುವಾರ ರಾತ್ರಿ ಹನ್ನೊಂದರ ಹೊತ್ತಿಗೆ ಮರಿ ಹುಟ್ಟಿತು. ಕುದುರೆಗಳು ಈಯುವುದು ಹೆಚ್ಚಾಗಿ ರಾತ್ರಿಯಲ್ಲೇ, ಸದ್ದುಗದ್ದಲ ಅಡಗಿದ ಮೇಲೆ. ಸೋಮವಾರ ಊಟದ ಬಿಡುವಿನಲ್ಲಿ ನೋಡಲು ಹೋದೆ. ಕಂದು ಬಣ್ಣದ ಗಂಡು ಮರಿ, ಹಣೆಯಲ್ಲಿ ಬೊಟ್ಟಿಟ್ಟಂತೆ ಬಿಳಿ ಚುಕ್ಕೆ. ಕಾಲುಗಳೋ, ಬೇರೆ ಯಾರದ್ದೋ ಸಾಲ ತಂದ ಹಾಗೆ ಉದ್ದ! ಎದ್ದು ನಿಲ್ಲಲು ಮೂರು ತಾಸು ತೆಗೆದುಕೊಂಡಿತಂತೆ. ಕೆಚ್ಚಲಿಗೆ ಬಾಯಿ ಹಾಕಿದ್ದು ಬೆಳಗಿನ ಜಾವಕ್ಕೆ. "ಸೋಮಾರಿ ಬಚ್ಚಾ" ಎಂದು ಸಾಬರ ಹೆಂಡತಿ ನಗುತ್ತಾ ಅದರ ಬೆನ್ನು ಒರೆಸುತ್ತಿದ್ದರು. ಹೊಕ್ಕುಳಿಗೆ ದಾರ ಕಟ್ಟಿ ಒಲೆಯ ಬೂದಿ ಮೆತ್ತಿದ್ದರು. ಹಿರಿಯರು ಮಾಡಿಕೊಂಡು ಬಂದ ಪದ್ಧತಿ.

ಮಾರನೆಯ ದಿನ, ಮಂಗಳವಾರ ಬೆಳಿಗ್ಗೆ, ಆ ದಾರಿಯಲ್ಲೇ ಹೋದೆ. ಮರಿ ತಾಯಿಯ ಹೊಟ್ಟೆಯ ಕೆಳಗೆ ತಲೆ ತಗ್ಗಿಸಿ ನಿಂತಿತ್ತು. ಅದರ ಹಣೆ, ಮೂಗು ಎಲ್ಲ ಹಾಲಿನಿಂದ ಒದ್ದೆ. ಕುಡಿದು ಕುಡಿದು ಮುಖವೆಲ್ಲ ಹಾಲು ಮಾಡಿಕೊಂಡಿದೆ ಎಂದುಕೊಂಡು ಬ್ಯಾಂಕಿಗೆ ಹೋದೆ. ಅದು ಕುಡಿಯುತ್ತಿರಲಿಲ್ಲ, ಮಕ್ಕಳೇ. ಸುಮ್ಮನೆ ನಿಂತಿತ್ತು. ತುಂಬಿದ ಕೆಚ್ಚಲಿನಿಂದ ಹಾಲು ತಾನಾಗಿ ಸೋರಿ ಅದರ ತಲೆಯ ಮೇಲೆ ಬೀಳುತ್ತಿತ್ತು. ಲೆಡ್ಜರಿನಲ್ಲಿ ಹತ್ತು ಪೈಸೆ ಹೆಚ್ಚುಕಮ್ಮಿ ಇದ್ದರೆ ಹಿಡಿಯುವ ನನ್ನ ಕಣ್ಣಿಗೆ ಇದು ಕಾಣಲಿಲ್ಲ.

ಆಗೆಲ್ಲ ಬ್ಯಾಂಕಿನ ವರ್ಷ ಮುಗಿಯುತ್ತಿದ್ದದ್ದು ಮಾರ್ಚಿಗಲ್ಲ, ಡಿಸೆಂಬರ್ 31ಕ್ಕೆ. ಕಂಪ್ಯೂಟರ್ ಇಲ್ಲ. ಎಲ್ಲ ಪುಸ್ತಕಗಳನ್ನೂ ಕೈಯಲ್ಲೇ ಕೂಡಿ ತಾಳೆ ಹಾಕಬೇಕು. ಕೊನೆಯ ಮೂರು ನಾಲ್ಕು ದಿನ ರಾತ್ರಿಯೆಲ್ಲ ಕೆಲಸ. ಮಂಗಳವಾರ ರಾತ್ರಿ ಎಂಟೂವರೆಗೆ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಸಾಬರು. ಅಷ್ಟು ಚಳಿಯಲ್ಲೂ ಹಣೆ ಬೆವೆತಿತ್ತು.

"ಸಾರ್, ಬಚ್ಚಾ ಏಳ್ತಾ ಇಲ್ಲ. ಬಾಯಿ ತಣ್ಣಗಾಗೋಗಿದೆ. ಫೋನ್ ಮಾಡ್ತೀರಾ ಸಾರ್?"

ಫೋನ್ ಇದ್ದದ್ದು ಕೆಲವೇ ಕಡೆ. ಮ್ಯಾನೇಜರು ಹೂಂ ಎಂದರು. ಪಶುವೈದ್ಯರ ಪಕ್ಕದ ಮನೆಗೆ ಫೋನ್ ಹಚ್ಚಿ ಅವರನ್ನು ಕರೆಸಿದೆವು. ಹದಿನೈದು ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದರು. ನಾನೂ ಕೋಟು ಹಾಕಿಕೊಂಡು ಹಿಂದೆ ಹೋದೆ. ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದು ಹೇಳಿ ಹೋದವನು ಬ್ಯಾಂಕಿಗೆ ವಾಪಸು ಬಂದದ್ದು ಬೆಳಿಗ್ಗೆ.

ಡಾಕ್ಟರು ಲಾಟೀನು ಹಿಡಿಸಿ ಮರಿಯ ತುಟಿ ಎತ್ತಿ ನೋಡಿದರು. ತಿಳಿ ಗುಲಾಬಿ ಇರಬೇಕಾದ ವಸಡು ದಾಳಿಂಬೆಯ ಸಿಪ್ಪೆಯಂತೆ ಕಪ್ಪುಗೆಂಪಾಗಿತ್ತು. ಕಿವಿಯ ಒಳಗೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಹೊಕ್ಕುಳು ಒದ್ದೆ. ಎಡ ಹಿಂಗಾಲಿನ ಕೀಲು ಸ್ವಲ್ಪ ಊದಿತ್ತು. ಜ್ವರ ಇರುತ್ತದೆಂದು ನಾವು ಅಂದುಕೊಂಡರೆ ಥರ್ಮಾಮೀಟರು ತೋರಿಸಿದ್ದು 97 ಡಿಗ್ರಿ. ಆರೋಗ್ಯವಾದ ಮರಿಗೆ 99ರಿಂದ 102ರವರೆಗೆ ಇರಬೇಕು. "ಜ್ವರ ಬಂದಿದ್ದರೆ ನನಗೆ ಇಷ್ಟು ಭಯ ಆಗ್ತಿರಲಿಲ್ಲ" ಎಂದರು ಡಾಕ್ಟರು. "ಇದು ರಕ್ತಕ್ಕೇ ನಂಜು ಏರಿರೋದು. ಸೆಪ್ಟಿಸೀಮಿಯಾ. ಉಳಿಯುತ್ತೆ ಅಂತ ಹೇಳೋಕಾಗಲ್ಲ."

ಆಮೇಲೆ ಕೇಳಿದರು: "ಈಯೋಕೆ ಮುಂಚೆ ಹಾಲು ಸೋರ್ತಿತ್ತಾ?"

ಸಾಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಡಾಕ್ಟರು ಕೈ ಕೆಲಸ ಮಾಡುತ್ತಲೇ ವಿಷಯ ಹೇಳಿದರು. ಮನುಷ್ಯರ ಮಗುವಿಗೆ ರೋಗದ ಜೊತೆ ಹೋರಾಡುವ ಶಕ್ತಿಯ ಒಂದು ಪಾಲು ತಾಯಿಯ ಹೊಟ್ಟೆಯಲ್ಲಿ ಇದ್ದಾಗಲೇ ಬರುತ್ತದೆ. ಕುದುರೆ, ಹಸು, ಕುರಿಗಳ ಮರಿಗೆ ಹಾಗೆ ಬರುವುದಿಲ್ಲ. ಅವುಗಳಲ್ಲಿ ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವಿನ ಗೋಡೆ ದಪ್ಪ. ಆ ಶಕ್ತಿಯೆಲ್ಲ ಕೂಡಿಟ್ಟಿರುವುದು ಮೊದಲ ಹಾಲಿನಲ್ಲಿ, ಅಂದರೆ ಗಿಣ್ಣಿನಲ್ಲಿ. ಮರಿಯ ಕರುಳು ಅದನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆದರೆ ಬಿಟ್ಟುಕೊಳ್ಳುವುದು ಮೊದಲ ಆರೆಂಟು ತಾಸು ಚೆನ್ನಾಗಿ, ಆಮೇಲೆ ಕಮ್ಮಿ ಕಮ್ಮಿ. ಒಂದು ದಿನ ಕಳೆಯುವ ಹೊತ್ತಿಗೆ ಬಾಗಿಲು ಮುಚ್ಚಿಹೋಗುತ್ತದೆ.

ನಾನು ಬಿ.ಕಾಂ. ಓದಿದವನು. ನನಗೆ ಅರ್ಥವಾದದ್ದು ಹೀಗೆ: ಕುದುರೆ ಮರಿ ಹುಟ್ಟುವುದೇ ಸೊನ್ನೆ ಬ್ಯಾಲೆನ್ಸಿನ ಖಾತೆಯೊಂದಿಗೆ. ಗಿಣ್ಣೇ ಮೊದಲ ಠೇವಣಿ. ಆ ಠೇವಣಿ ಕಟ್ಟಲು ಕೌಂಟರ್ ತೆರೆದಿರುವುದು ಒಂದೇ ಒಂದು ದಿನ. ನಮ್ಮ ರಾಣಿಯ ಠೇವಣಿ ನಾಲ್ಕು ದಿನ ಮುಂಚಿನಿಂದ ಮಣ್ಣಿಗೆ ಸೋರಿಹೋಗಿತ್ತು. ಉಳಿದ ಚೂರುಪಾರನ್ನೂ ಮರಿ ತಡವಾಗಿ ಕುಡಿಯಿತು. ಬೂದಿ ಮೆತ್ತಿದ ಹೊಕ್ಕುಳಿನಿಂದಲೋ ಬಾಯಿಂದಲೋ ಕೊಟ್ಟಿಗೆಯ ಕ್ರಿಮಿಗಳು ಒಳಗೆ ಹೋದವು. ತಡೆಯುವವರು ಯಾರೂ ಇರಲಿಲ್ಲ.

"ಈಗ ಬೇರೆ ಕುದುರೆಯ ಗಿಣ್ಣು ತಂದು ಕುಡಿಸಿದರೆ?" ಎಂದೆ. ಡಾಕ್ಟರು ಗಡಿಯಾರ ನೋಡಿದರು. ಹುಟ್ಟಿ ನಲವತ್ತಾರು ತಾಸು ಆಗಿತ್ತು. ಬಾಯಿಯ ದಾರಿ ಮುಚ್ಚಿತ್ತು. ಇನ್ನು ನೇರ ರಕ್ತಕ್ಕೇ ಕೊಡಬೇಕು.

ಅದಕ್ಕೆ ಇನ್ನೊಂದು ಕುದುರೆಯ ರಕ್ತ ಬೇಕು. ತಾಯಿಯದೇ ಆಗಬಹುದಲ್ಲ ಎಂದರೆ ಬೇಡ ಎಂದರು. ಕೆಲವು ಸಲ ತಾಯಿಯ ರಕ್ತಕ್ಕೆ ಮರಿಯ ರಕ್ತ ಒಗ್ಗುವುದಿಲ್ಲವಂತೆ. ಮರಿ ಹಾಕದ, ಗಟ್ಟಿಮುಟ್ಟಾದ ಗಂಡು ಕುದುರೆ ಒಳ್ಳೆಯದು. ಇದೇ ಬೀದಿಯಲ್ಲಿ ಬಾಳಿದ್ದಾದರೆ ಇಲ್ಲಿಯ ಕ್ರಿಮಿಗಳ ಪರಿಚಯ ಅದರ ರಕ್ತಕ್ಕೆ ಇರುತ್ತದೆ, ಇನ್ನೂ ಒಳ್ಳೆಯದು.

ಅಂಥ ಕುದುರೆ ಪಕ್ಕದ ಗಲ್ಲಿಯಲ್ಲೇ ಇತ್ತು. ಆದರೆ ಅದರ ಯಜಮಾನರಿಗೂ ನಮ್ಮ ಸಾಬರಿಗೂ ಸ್ಟ್ಯಾಂಡಿನ ಸರದಿಯ ವಿಚಾರದಲ್ಲಿ ಜಗಳವಾಗಿ ಎರಡು ವರ್ಷದಿಂದ ಮಾತಿರಲಿಲ್ಲ. ಸಾಬರು ಸುಮ್ಮನೆ ನಿಂತರು. ಅವರ ಹೆಂಡತಿ ತಲೆಯ ಮೇಲೆ ಸೆರಗು ಎಳೆದುಕೊಂಡು ತಾವೇ ಹೋದರು. ಹತ್ತು ನಿಮಿಷಕ್ಕೆ ಗಲ್ಲಿಯಲ್ಲಿ ಗೊರಸಿನ ಸದ್ದು. ಆ ಮನುಷ್ಯ ಲುಂಗಿಯ ಮೇಲೆ ಕಂಬಳಿ ಹೊದ್ದು, ನಿದ್ದೆಗಣ್ಣಿನಲ್ಲಿ ಕುದುರೆ ಹಿಡಿದುಕೊಂಡು ಬಂದು ಡಾಕ್ಟರಿಗೆ ಮಾತ್ರ ಹೇಳಿದ: "ಎಷ್ಟು ಬೇಕೋ ತಗೊಳ್ಳಿ."

ಒಂದು ನರ್ಸಿಂಗ್ ಹೋಮಿನಿಂದ ರಕ್ತ ಹೆಪ್ಪುಗಟ್ಟದ ಔಷಧಿ ಹಾಕಿದ ಆರು ಗಾಜಿನ ಬಾಟಲಿ ತರಿಸಿದರು. ಮೊದಲು ಗಾಜಿನ ಪಟ್ಟಿಯ ಮೇಲೆ ಎರಡೂ ರಕ್ತದ ಹನಿ ಬೆರೆಸಿ ಗಂಟುಗಂಟಾಗುತ್ತದೆಯೇ ಎಂದು ನೋಡಿದರು. ಆಗಲಿಲ್ಲ. ಆ ಗಂಡು ಕುದುರೆಯ ಕತ್ತಿನ ನರದಿಂದ ಸುಮಾರು ಎರಡು ಲೀಟರು ರಕ್ತ ತೆಗೆದರು. ಇದರಿಂದ ಅದಕ್ಕೇನೂ ತೊಂದರೆಯಿಲ್ಲ, ಅಷ್ಟು ದೊಡ್ಡ ಪ್ರಾಣಿಯ ಮೈಯಲ್ಲಿ ಅದರ ಎಂಟು ಹತ್ತರಷ್ಟು ರಕ್ತ ಇರುತ್ತದೆ. ಅದು ನಿಂತಲ್ಲೇ ಹುರುಳಿ ತಿನ್ನುತ್ತಿತ್ತು.

ಇನ್ನೊಂದು ಸೋಜಿಗ ಕೇಳಿ. ಬಾಟಲಿಗಳನ್ನು ಅಲುಗಾಡಿಸದೆ ಇಟ್ಟೆವು. ಕುದುರೆಯ ರಕ್ತ ಬೇಗ ತಿಳಿಯಾಗುತ್ತದೆ. ಕೆಂಪು ಕಣಗಳೆಲ್ಲ ಕೆಳಗೆ ಕೂತು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಂತಿತು. ಅದೇ ಪ್ಲಾಸ್ಮಾ. ಗಿಣ್ಣಿನಿಂದ ಬರಬೇಕಾಗಿದ್ದ ಶಕ್ತಿ ಇರುವುದು ಅದರಲ್ಲಿ. ಆ ತಿಳಿಯನ್ನು ಮಾತ್ರ ಕೊಳವೆಯಲ್ಲಿ ಎಳೆದು ಮರಿಗೆ ಹನಿಹನಿಯಾಗಿ ಏರಿಸಿದರು. ಅದಕ್ಕೂ ಮುಂಚೆ ಗ್ಲೂಕೋಸು ಹೋಗಿತ್ತು. ಪೆನಿಸಿಲಿನ್, ಜೆಂಟಾಮೈಸಿನ್ ಚುಚ್ಚುಮದ್ದು ಹೋಗಿತ್ತು. ಆರಂಭದಲ್ಲಿ ಕೊಡುತ್ತಲೇ ಮೈ ನಡುಗುತ್ತದೆಯೇ, ಉಸಿರು ಏರುತ್ತದೆಯೇ ಎಂದು ಡಾಕ್ಟರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಮೈ ನಡುಗಿತು. ಆದರೆ ಅದು ಚಳಿಗೆ. ಗೋಣಿ ಹೊದಿಸಿದರೆ ಜಾರಿ ಬೀಳುತ್ತಿತ್ತು. ನಾನು ಮನೆಗೆ ಓಡಿದೆ. ನಮ್ಮಮ್ಮ ಇನ್ನೂ ಎಚ್ಚರವಾಗಿದ್ದರು. ವಿಷಯ ಕೇಳಿ, ಪೆಟ್ಟಿಗೆಯಿಂದ ನನ್ನದೇ ಹಳೆಯ ಉಣ್ಣೆಯ ಸ್ವೆಟರ್ ತೆಗೆದುಕೊಟ್ಟರು. ಅವರೇ ಹೆಣೆದದ್ದು, ಹಸಿರು ಬಣ್ಣ. ಮರಿಯ ಮುಂಗಾಲುಗಳನ್ನು ಎರಡು ತೋಳುಗಳಲ್ಲಿ ತೂರಿಸಿದೆವು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು! ಪಕ್ಕದಲ್ಲಿ ಬಿಸಿನೀರಿನ ಬಾಟಲಿಗಳನ್ನು ಬಟ್ಟೆ ಸುತ್ತಿ ಇಟ್ಟೆವು. ಅಷ್ಟು ಹೊತ್ತಿನಲ್ಲೂ ಆ ಎರಡನೆಯ ಗಾಡಿಯವನು ಬಾಯಿ ಬಿಟ್ಟು ನಕ್ಕ. "ಬ್ಯಾಂಕ್ ಆಫೀಸರ್" ಎಂದ ಮರಿಗೆ. ನಮ್ಮ ಸಾಬರೂ ನಕ್ಕರು. ಎರಡು ವರ್ಷದ ಮೌನ ಅಲ್ಲಿಗೆ ಮುಗಿಯಿತು, ಯಾರೂ ಗಮನಿಸಲಿಲ್ಲ.

ಆಮೇಲಿನ ಕೆಲಸದಲ್ಲಿ ಸೋಜಿಗವೇನೂ ಇಲ್ಲ, ಬರೀ ಪಾಡು. ಮರಿಯ ತೂಕ ಸುಮಾರು 25 ಕಿಲೋ. ಕಾಯಿಲೆಯ ಮರಿಗೆ ದಿನಕ್ಕೆ ತೂಕದ ಹತ್ತನೇ ಒಂದು ಪಾಲು ಹಾಲು, ಅಂದರೆ ಎರಡೂವರೆ ಲೀಟರು. ಎರಡು ತಾಸಿಗೊಮ್ಮೆ ಹನ್ನೆರಡು ಸಲ ಕೊಟ್ಟರೆ ಸಲಕ್ಕೆ ಎಷ್ಟು? ಲೆಕ್ಕ ಮಾಡಿ ನೋಡಿ, ಸುಮಾರು 200 ಮಿಲಿಲೀಟರು. ಚೀಪುವ ಶಕ್ತಿ ಇಲ್ಲದ ಮರಿಗೆ ಬಾಯಲ್ಲಿ ಹಾಲು ಸುರಿದರೆ ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಡಾಕ್ಟರು ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಇಳಿಸಿ ಕಟ್ಟಿದರು. ರಾಣಿಯ ಹಾಲು ಕರೆದು ಅದರಲ್ಲಿ ಬಿಡುವುದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಎದೆಯ ಮೇಲೆ ಕೂರಿಸುವುದು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಜೆಂಟಾಮೈಸಿನ್ ಮೂತ್ರಪಿಂಡಕ್ಕೆ ಸ್ವಲ್ಪ ಕಠಿಣವಾದ ಔಷಧಿ. ಆದ್ದರಿಂದ ಮರಿ ಎಷ್ಟು ಸಲ ಉಚ್ಚೆ ಹೊಯ್ಯಿತು ಎಂಬುದನ್ನೂ ಬರೆದಿಡಬೇಕು ಎಂದರು.

ಬರೆದಿಡುವುದು ಎಂದ ಕೂಡಲೇ ಎಲ್ಲರೂ ನನ್ನ ಕಡೆ ನೋಡಿದರು. ರದ್ದಾದ ವೋಚರುಗಳ ಹಿಂಬದಿಯಲ್ಲಿ ಗೆರೆ ಹಾಕಿದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಜಮಾ ಎಂದರೆ ಹಾಲು, ಔಷಧಿ. ಖರ್ಚು ಎಂದರೆ... ನಗಬೇಡಿ! ಡಾಕ್ಟರು ಬಂದಾಗಲೆಲ್ಲ ಮೊದಲು ಕೇಳುತ್ತಿದ್ದದ್ದೇ ಆ ಹಾಳೆ.

ಬುಧವಾರ 31ನೇ ತಾರೀಕು ಬ್ಯಾಂಕಿನಲ್ಲಿ ಪುಸ್ತಕ ತಾಳೆಯಾಗಲಿಲ್ಲ. 63 ರೂಪಾಯಿ ವ್ಯತ್ಯಾಸ. ರಾತ್ರಿ ಒಂದು ಗಂಟೆಯವರೆಗೆ ಎಲ್ಲರೂ ಹುಡುಕಿದರು. 63 ಎಂಬುದು 9ರಿಂದ ಭಾಗವಾಗುವ ಸಂಖ್ಯೆ. ಹಾಗಿದ್ದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು ಎಂದು ಅರ್ಥ. (ಯಾವುದಾದರೂ ಎರಡಂಕಿಯ ಸಂಖ್ಯೆಯನ್ನು ತಿರುಗಿಸಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆದು ನೋಡಿ.) ಸಿಕ್ಕಿತು. 81 ಬರೆಯುವ ಕಡೆ 18. ಅಕ್ಷರ ನನ್ನದೇ. ಮ್ಯಾನೇಜರು ಬೈಯಲು ಬಾಯಿ ತೆರೆದು, ನನ್ನ ಕಣ್ಣು ನೋಡಿ, "ಹೋಗಿ, ಕುದುರೆ ನೋಡ್ಕೊಳ್ಳಿ" ಎಂದರು.

ಹೊಸ ವರ್ಷದ ದಿನ ಮರಿಯ ಮೈ 100 ಡಿಗ್ರಿಗೆ ಬಂತು. ಆದರೆ ಎಡ ಹಿಂಗಾಲಿನ ಕೀಲು ಇನ್ನೂ ಊದಿ ಬಿಸಿಯಾಯಿತು. ರಕ್ತದಲ್ಲಿದ್ದ ಕ್ರಿಮಿ ಕೀಲಿನಲ್ಲಿ ಮನೆ ಮಾಡಿತ್ತು. ಡಾಕ್ಟರು ಸೂಜಿ ಹಾಕಿ ಸಲೈನಿನಿಂದ ಕೀಲಿನ ಒಳಗನ್ನು ತೊಳೆದರು. ಮತ್ತೆ ಎರಡು ಸಲ ತೊಳೆದರು. ಅಷ್ಟು ಸಣ್ಣ ಜೀವ ನೋವಿಗೆ ಹಲ್ಲಿಲ್ಲದ ಬಾಯಿ ತೆರೆದದ್ದನ್ನು ನಾನು ಬಹಳ ಹೊತ್ತು ನೋಡಲಾರದೆ ಹೊರಗೆ ಬಂದೆ. ಸಾಬರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. "ಕಾಲು ಹೋದ ಕುದುರೆ ಯಾತಕ್ಕೆ ಸಾರ್ ಅಂತಾರೆ ಜನ" ಎಂದರು. ಆಮೇಲೆ ಒಳಗೆ ಹೋಗಿ ಮರಿಯ ತಲೆ ಹಿಡಿದುಕೊಂಡರು.

ಆ ರಾತ್ರಿ ನಮ್ಮಮ್ಮ ನೋಡಲು ಬಂದರು. ಸ್ವೆಟರಿನ ಗುಂಡಿ ಸರಿಮಾಡುವಾಗ ಮರಿ ತೋಳಿನ ತುದಿಯನ್ನು ಬಾಯಿಗೆ ಎಳೆದುಕೊಂಡು ಚೀಪತೊಡಗಿತು. ಚಪ್ ಚಪ್ ಎಂದು. ಡಾಕ್ಟರು ಬೆಳಿಗ್ಗೆ ಅದನ್ನು ಕೇಳಿದ ಮೇಲೆಯೇ ಮೊದಲ ಸಲ ಕಾಫಿ ಕುಡಿಯುತ್ತೇನೆ ಎಂದದ್ದು.

ಅಮ್ಮ ಆ ದಿನ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿದರು. "ಹೆಂಗಸರಿಗೂ ಮೊದಲ ಹಾಲು ಹಳದಿಯಾಗೇ ಬರುತ್ತಲ್ಲ? ನಾವು ಕೆಟ್ಟದ್ದು ಅಂತ ಹಿಂಡಿ ಚೆಲ್ಲಿಸ್ತಿದ್ವಿ." ಡಾಕ್ಟರು ಸಣ್ಣ ದನಿಯಲ್ಲಿ, ಚೆಲ್ಲಬಾರದಮ್ಮ ಎಂದಷ್ಟೇ ಹೇಳಿದರು. ನನ್ನ ದೊಡ್ಡ ಮಗನಿಗೆ ಮೂರು ದಿನ ಸಕ್ಕರೆ ನೀರು ಕುಡಿಸಿದ್ದು ಅಮ್ಮನೇ. ಅವನು ಗಟ್ಟಿಯಾಗೇ ಬೆಳೆದ, ಆ ಮಾತು ಬೇರೆ. ಮಾರ್ಚಿಯಲ್ಲಿ ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ನರ್ಸಿಗಿಂತ ಮುಂಚೆ ಮಗುವನ್ನು ತಾಯಿಯ ಎದೆಗೆ ಹಿಡಿಸಿದವರು ಅಮ್ಮ. ನಾವ್ಯಾರೂ ಆ ಬಗ್ಗೆ ಮಾತಾಡಲಿಲ್ಲ.

ನಿಮ್ಮಲ್ಲಿ ಯಾರ ಊರಲ್ಲಾದರೂ ಕುದುರೆ ಇದ್ದರೆ ಡಾಕ್ಟರು ನನಗೆ ಹೇಳಿಕೊಟ್ಟ ಒಂದು-ಎರಡು-ಮೂರು ನೆನಪಿಡಿ. ಮರಿ ಒಂದು ತಾಸಿನೊಳಗೆ ನಿಲ್ಲಬೇಕು. ಎರಡರೊಳಗೆ ಕುಡಿಯಬೇಕು. ಮೂರರೊಳಗೆ ತಾಯಿಯ ಮಾಸು ಬೀಳಬೇಕು. ತಪ್ಪಿದರೆ ಆಗಲೇ ಡಾಕ್ಟರಿಗೆ ಫೋನ್ ಮಾಡಬೇಕು, ಮಾರನೆಯ ದಿನ ಅಲ್ಲ. ಈಯುವ ಮುಂಚೆ ಹಾಲು ಸೋರಿದರೂ ಹಾಗೆಯೇ. ಹೊಕ್ಕುಳಿಗೆ ಬೂದಿ ಬೇಡ, ಅದಕ್ಕೆ ಡಾಕ್ಟರು ಕೊಡುವ ಔಷಧಿಯೇ ಆಗಬೇಕು. ದೊಡ್ಡ ಕುದುರೆ ಫಾರಂಗಳಲ್ಲಿ ಒಂದು ಕುದುರೆಯ ಹೆಚ್ಚಾದ ಗಿಣ್ಣನ್ನು ಫ್ರೀಜರಿನಲ್ಲಿ ಕೂಡಿಟ್ಟು ಇನ್ನೊಂದರ ಮರಿಗೆ ಕೊಡುತ್ತಾರಂತೆ. ಅದಕ್ಕೆ ಗಿಣ್ಣು ಬ್ಯಾಂಕ್ ಎಂದೇ ಹೆಸರು. ಆ ಬ್ಯಾಂಕಿಗೆ ನನ್ನನ್ನು ವರ್ಗ ಮಾಡಿದ್ದರೆ ಸಂತೋಷವಾಗಿ ಹೋಗುತ್ತಿದ್ದೆ.

ಚುಚ್ಚುಮದ್ದು ಇನ್ನೂ ನಾಲ್ಕು ವಾರ ನಡೆಯಿತು. ಮರಿ ಉಳಿಯಿತು. ಕಾಲು ಪೂರ್ತಿ ಸರಿಹೋಗಲಿಲ್ಲ, ನಡೆಯುವಾಗ ಒಂದು ಸಣ್ಣ ಎಳೆತ ಉಳಿಯಿತು. ಅದನ್ನು ಗಾಡಿಗೆ ಕಟ್ಟುವಂತಿರಲಿಲ್ಲ. ಮಾರಿಬಿಡಿ ಎಂದವರಿಗೆ ಸಾಬರು ಉತ್ತರ ಕೊಡುತ್ತಿರಲಿಲ್ಲ. ಅದು ಗಲ್ಲಿಯ ಮಕ್ಕಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಾ ಬೆಳೆಯಿತು. "ಬ್ಯಾಂಕ್ ಆಫೀಸರ್" ಎಂಬ ಹೆಸರೇ ನಿಂತಿತು. ನಾನು ಕೊನೆಯವರೆಗೂ ಗುಮಾಸ್ತನಾಗಿಯೇ ಇದ್ದೆ, ಅದು ಆಫೀಸರ್! ಸಾಲದ ಕೊನೆಯ ಕಂತನ್ನು ಸಾಬರು ತಂದಾಗ ನಾನೇ ಎಣಿಸಿಕೊಂಡೆ. ಆ ಸಲವೂ ಚಿಲ್ಲರೆಯೇ.

ಊಟದ ಮೇಲೆ ಮೊಮ್ಮಗಳು ಆ ಹಾಳೆ ತೋರಿಸು ಎಂದು ಹಟ ಹಿಡಿದಳು. ಟ್ರಂಕಿನ ತಳದಲ್ಲಿ ಇತ್ತು. ಅಂಚು ಹಳದಿಯಾಗಿದೆ, ಒಂದು ಕಡೆ ಹಾಲಿನ ಕಲೆ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. 200 ಮಿಲಿ, 200 ಮಿಲಿ, 180, 200. ಕೊನೆಯ ನಮೂದು ಜನವರಿ 3, ಬೆಳಿಗ್ಗೆ 6 ಗಂಟೆ 10 ನಿಮಿಷ. ಜಮಾ ಕಡೆ ನಾನು ಹೀಗೆ ಬರೆದಿದ್ದೆ: "ತಾನಾಗಿ ಎದ್ದು ತಾಯಿಯಲ್ಲಿ ಕುಡಿಯಿತು. ಅಳತೆ ಗೊತ್ತಿಲ್ಲ."